ಬೆಲ್‌ಫಾಸ್ಟ್‌ನ ಆ ಕುಟುಂಬ ಊರು ಬಿಟ್ಟದ್ದೇಕೆ?

ಪ್ರಶ್ನೆ: ಹತ್ತು ವರ್ಷದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊನ್ನೆ ಉತ್ತರ ಐರ್ಲೆಂಡಿನ ಗಲಭೆಯ ಕಾಲದ ಕಥೆಯಾದ ‘ಬೆಲ್‌ಫಾಸ್ಟ್’ ಚಿತ್ರ ನೋಡಿದೆ. ಗಲಭೆಕೋರರು ಕಲ್ಲು ತೂರುವುದು, ಬೆಂಕಿ ಹಚ್ಚುವುದು ಕ್ಯಾಥೊಲಿಕರ ಮನೆಗಳಿಗೆ. ಕೊನೆಯಲ್ಲಿ ಊರು ಬಿಡುವುದು ಮಾತ್ರ ಒಂದು ಪ್ರಾಟೆಸ್ಟಂಟ್ ಕುಟುಂಬ. ತಮ್ಮದೇ ಪಂಗಡದ ಕೈ ಮೇಲಿದ್ದರೂ ಅವರೇಕೆ ಹೋಗಬೇಕಾಯಿತು? “ಇವರಲ್ಲಿ ಒಳ್ಳೆಯವರು ಯಾರಮ್ಮ?” ಎಂದು ಮಗಳು ಕೇಳಿದಳು; ನನಗೆ ಉತ್ತರ ಹೊಳೆಯಲಿಲ್ಲ. ಅಷ್ಟೊಂದು ಜನ ಸತ್ತ ಸಂಘರ್ಷವನ್ನು ಹಾಡು, ನಗು, ಅಜ್ಜ-ಅಜ್ಜಿಯರ ಅಕ್ಕರೆಯ ನಡುವೆ ಹೇಳುವುದರಿಂದ ಆ ಚರಿತ್ರೆಯ ಕಹಿಯನ್ನು ಮರೆಮಾಚಿದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು, ಅದನ್ನು ಬಿಡಿಸಿಕೊಂಡರೆ ಉಳಿದ ಎರಡಕ್ಕೂ ದಾರಿ ಸಿಗುತ್ತದೆ. ಕೋಮು ಗಲಭೆಯನ್ನು ವಸ್ತುವಾಗಿ ಉಳ್ಳ ಬಹುಪಾಲು ಚಿತ್ರಗಳಲ್ಲಿ ಅಪಾಯ ಬರುವುದು ಎದುರು ಪಂಗಡದ ಕಡೆಯಿಂದ. ಈ ಚಿತ್ರದಲ್ಲಿ ಅದು ಬರುವುದು ಸ್ವಂತ ಪಂಗಡದ ಕಡೆಯಿಂದ, ಅದೂ ಹೊಡೆಯಲಿಕ್ಕಲ್ಲ, ಜೊತೆಗೆ ಕರೆಯಲಿಕ್ಕೆ. ಆ ಕರೆಗೆ ಓಗೊಡಲು ಒಪ್ಪದವನಿಗೆ ತಾನು ಹುಟ್ಟಿ ಬೆಳೆದ ಬೀದಿಯಲ್ಲಿಯೇ ನೆಲೆಯಿಲ್ಲದಂತಾಗುವ ಪರಿಯನ್ನು ನಿರ್ದೇಶಕ ಕೆನೆತ್ ಬ್ರಾನಾ ಒಂಬತ್ತು ವರ್ಷದ ಹುಡುಗನೊಬ್ಬನ ಕಣ್ಣಿನಿಂದ ತೋರಿಸುತ್ತಾರೆ. ಅವರು ಹುಟ್ಟಿದ್ದು 1960ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಒಂಬತ್ತು ವರ್ಷದವರಿದ್ದಾಗ ಅವರ ಕುಟುಂಬ ಇಂಗ್ಲೆಂಡಿನ ರೆಡಿಂಗ್ ಪಟ್ಟಣಕ್ಕೆ ಹೋಗಿ ನೆಲೆಸಿತು. ಅಂದರೆ, ನೀವು ಕೇಳಿದ ಪ್ರಶ್ನೆಯನ್ನು ಬ್ರಾನಾ ತಮಗೆ ತಾವೇ ಐವತ್ತು ವರ್ಷ ಕೇಳಿಕೊಂಡಿರಬೇಕು. 2020ರ ಲಾಕ್‌ಡೌನ್ ದಿನಗಳಲ್ಲಿ ಬರೆಯಲು ಕುಳಿತಾಗ ಹೊರಬಂದದ್ದು ಈ ಚಿತ್ರಕಥೆ. ಮುಂದೆ ಅದಕ್ಕೇ ಅವರಿಗೆ ಆಸ್ಕರ್ ಬಂತು.

ಮೊದಲು ಆ ದಿನದ ಬಗ್ಗೆ ಸ್ವಲ್ಪ ಹೇಳುತ್ತೇನೆ. ಚಿತ್ರದ ಕಥೆ ತೆರೆದುಕೊಳ್ಳುವುದು 1969ರ ಆಗಸ್ಟ್ 15ರಂದು. ಆ ತಾರೀಖು ನಮ್ಮ ಮನಸ್ಸಿನಲ್ಲಿ ಬೇರೆಯೇ ಕಾರಣಕ್ಕೆ ಅಚ್ಚೊತ್ತಿರುವುದರಿಂದ ನಮ್ಮ ಪ್ರೇಕ್ಷಕರು ಒಂದು ಕ್ಷಣ ಬೆಚ್ಚುತ್ತಾರೆ. ಆದರೆ ಬೆಲ್‌ಫಾಸ್ಟ್‌ನವರಿಗೆ ಅದು ಬೀದಿಗಳು ಹೊತ್ತಿ ಉರಿದ ದಿನ. ಅದಕ್ಕೆ ಮೂರು ದಿನ ಮೊದಲು, ಆಗಸ್ಟ್ 12ರಂದು, ಡೆರಿ ನಗರದಲ್ಲಿ ಪ್ರಾಟೆಸ್ಟಂಟರ ವಾರ್ಷಿಕ ಮೆರವಣಿಗೆಯ ಸಂದರ್ಭದಲ್ಲಿ ಶುರುವಾದ ಘರ್ಷಣೆ ಕ್ಯಾಥೊಲಿಕರ ಬಾಗ್‌ಸೈಡ್ ಪ್ರದೇಶವನ್ನು ರಣರಂಗವಾಗಿಸಿತು. ಅದರ ಕಿಡಿ ಬೆಲ್‌ಫಾಸ್ಟ್‌ಗೆ ಹಾರಿತು. ಆಗಸ್ಟ್ 15ರಂದು ಬ್ರಿಟಿಷ್ ಸೈನಿಕರು ಆ ನಗರದ ಬೀದಿಗಿಳಿದರು, ಅದೇ ದಿನ ಬಾಂಬೆ ಸ್ಟ್ರೀಟ್ ಎಂಬ ಕ್ಯಾಥೊಲಿಕರ ಬೀದಿ ಸುಟ್ಟುಹೋಯಿತು. (ಬಾಂಬೆ ಸ್ಟ್ರೀಟ್, ಅದರ ಪಕ್ಕದಲ್ಲಿ ಕಾಶ್ಮೀರ್ ರೋಡ್: ಸಾಮ್ರಾಜ್ಯದ ಕಾಲದಲ್ಲಿ ಆ ಬೀದಿಗಳಿಗೆ ನಮ್ಮ ಊರುಗಳ ಹೆಸರಿಟ್ಟಿದ್ದರು.) ಆ ಬೇಸಿಗೆಯ ಗಲಭೆಯಲ್ಲಿ ಬೆಲ್‌ಫಾಸ್ಟ್‌ನಲ್ಲಿ ಮನೆ ತೊರೆದ ಕುಟುಂಬಗಳು ಸುಮಾರು 1,800, ಅವುಗಳಲ್ಲಿ 1,500ರಷ್ಟು ಕ್ಯಾಥೊಲಿಕರವು, 300ಕ್ಕೂ ಹೆಚ್ಚು ಪ್ರಾಟೆಸ್ಟಂಟರವು ಎಂದು ತನಿಖಾ ಆಯೋಗ ಲೆಕ್ಕ ಹಾಕಿತು. ಹೆಚ್ಚು ಕಳೆದುಕೊಂಡವರು ಯಾರೆಂಬುದರಲ್ಲಿ ಅನುಮಾನವಿಲ್ಲ, ಆ ಮಟ್ಟಿಗೆ ನಿಮ್ಮ ಆಕ್ಷೇಪ ಸರಿಯಾಗಿಯೇ ಇದೆ. ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಈ ಜಗಳವನ್ನು ಇಬ್ಬರು ದೇವರ ನಡುವಿನ ಜಗಳವೆಂದು ಮಗಳಿಗೆ ಹೇಳಬೇಡಿ. ದೇವರು ಅವರಿಬ್ಬರಿಗೂ ಒಬ್ಬನೇ. ಹದಿನೇಳನೆಯ ಶತಮಾನದ ಮೊದಲಿಗೆ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನಿಂದ ಪ್ರಾಟೆಸ್ಟಂಟ್ ವಲಸಿಗರನ್ನು ಕರೆತಂದು ಐರ್ಲೆಂಡಿನ ಉತ್ತರ ಭಾಗದಲ್ಲಿ ಭೂಮಿ ಕೊಟ್ಟು ಕೂರಿಸಿದಂದಿನಿಂದ ಅದು ನೆಲದ ಜಗಳ. 1921ರಲ್ಲಿ ಐರ್ಲೆಂಡ್ ಇಬ್ಭಾಗವಾಗಿ ಆರು ಜಿಲ್ಲೆಗಳು ಉತ್ತರ ಐರ್ಲೆಂಡ್ ಆಗಿ ಬ್ರಿಟನ್ನಿನ ಜೊತೆ ಉಳಿದ ಮೇಲೆ ಅದು ಅಧಿಕಾರದ ಜಗಳವೂ ಆಯಿತು: ಅಲ್ಲಿ ಬಹುಸಂಖ್ಯಾತರಾದ ಪ್ರಾಟೆಸ್ಟಂಟರ ಒಂದೇ ಪಕ್ಷ ಐವತ್ತು ವರ್ಷ ಆಳಿತು. ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಮನೆಗಂದಾಯ ಕಟ್ಟುವವರಿಗೆ ಮತ್ತು ಅವರ ಗಂಡ ಅಥವಾ ಹೆಂಡತಿಗೆ ಮಾತ್ರ ಇತ್ತು. ಆದ್ದರಿಂದ ಯಾರಿಗೆ ಸರ್ಕಾರಿ ಮನೆ ಸಿಗುತ್ತದೆ ಎಂಬುದು ಯಾರಿಗೆ ಮತ ಸಿಗುತ್ತದೆ ಎಂಬುದಕ್ಕೆ ಸಮ. 1968ರ ಜೂನ್‌ನಲ್ಲಿ ಕ್ಯಾಲೆಡನ್ ಎಂಬ ಹಳ್ಳಿಯಲ್ಲಿ, ಮಕ್ಕಳೊಂದಿಗರಾದ ಕ್ಯಾಥೊಲಿಕ್ ಕುಟುಂಬಗಳು ಕಾಯುತ್ತಿರುವಾಗ, ಹತ್ತೊಂಬತ್ತು ವರ್ಷದ ಅವಿವಾಹಿತ ಪ್ರಾಟೆಸ್ಟಂಟ್ ಯುವತಿಯೊಬ್ಬಳಿಗೆ ಮನೆ ಮಂಜೂರಾಯಿತು. ಇದನ್ನು ವಿರೋಧಿಸಿ ಆಸ್ಟಿನ್ ಕರಿ ಎಂಬ ಶಾಸಕ ಆ ಮನೆಯೊಳಗೆ ಹೋಗಿ ಕುಳಿತರು; ನಾಗರಿಕ ಹಕ್ಕುಗಳ ಚಳವಳಿ ಬಿರುಸಾದದ್ದು ಅಲ್ಲಿಂದ. ಅಂದರೆ ಕಲಹದ ಬುಡದಲ್ಲಿದ್ದದ್ದೇ ಮನೆ. ಹಾಗಿರುವಾಗ ಆ ಕಾಲವನ್ನು ಒಂದು ಮನೆಯೊಳಗಿನಿಂದ ಹೇಳಲು ಹೊರಟವರನ್ನು, ವಿಷಯ ಬಿಟ್ಟು ಎಲ್ಲಿಗೋ ಹೋದರು ಎಂದು ನಾನು ದೂರಲಾರೆ.

ಈಗ ಆ ಮನೆಯ ಲೆಕ್ಕಾಚಾರಕ್ಕೆ ಬರೋಣ. ಬಡ್ಡಿ ಎಂಬ ಹುಡುಗನ ಅಪ್ಪ ಬಡಗಿ. ಅವನಿಗೆ ಕೆಲಸವಿರುವುದು ಸಮುದ್ರದಾಚೆ ಇಂಗ್ಲೆಂಡಿನಲ್ಲಿ. ಆಗೊಮ್ಮೆ ಈಗೊಮ್ಮೆ ಮನೆಗೆ ಬರುತ್ತಾನೆ. ತೆರಿಗೆ ಬಾಕಿಯನ್ನು ಕಂತಿನಲ್ಲಿ ತೀರಿಸಬೇಕು, ಕುದುರೆ ಬಾಲಕ್ಕೆ ಹಣ ಕಟ್ಟುವ ಚಟ ಬೇರೆ ಅವನಿಗಿದೆ. ತಿಂಗಳ ಖರ್ಚು, ಇಬ್ಬರು ಗಂಡುಮಕ್ಕಳು, ಸಾಲದ ಕಾಗದಪತ್ರ ಎಲ್ಲವೂ ಅಮ್ಮನ ಹೆಗಲ ಮೇಲೆ. ಗಲಭೆ ಇಲ್ಲದಿದ್ದರೂ ಈ ಕುಟುಂಬ ಒಂದು ದಿನ ಊರು ಬಿಡುವ ಮಾತಾಡುತ್ತಿತ್ತು ಎಂಬುದನ್ನು ಚಿತ್ರ ಮುಚ್ಚಿಡುವುದಿಲ್ಲ, ಅದು ನನಗೆ ಬಹಳ ಮೆಚ್ಚುಗೆಯಾದ ಪ್ರಾಮಾಣಿಕತೆ. ದುಡಿಯುವ ವರ್ಗದ ಮನೆಗೆ ಕೋಮು ದ್ವೇಷ ಒಂಟಿಯಾಗಿ ಬರುವುದಿಲ್ಲ. ಬಾಡಿಗೆ, ಸಾಲ, ಕೂಲಿಗಳ ಜೊತೆ ಸೇರಿಕೊಂಡು ಬರುತ್ತದೆ, ಯಾವುದು ಯಾವ ಪಾಲಿಗೆ ಕಾರಣವಾಯಿತು ಎಂದು ಆಮೇಲೆ ಆ ಮನೆಯವರೂ ಹೇಳಲಾರರು.

ಈ ತಕ್ಕಡಿಯ ಮೇಲೆ ಪ್ರಾಟೆಸ್ಟಂಟ್ ಗಲಭೆಕೋರರ ಮುಂದಾಳು ಬಿಲ್ಲಿ ಕ್ಲಾಂಟನ್ ಬಂದು ಕೈಯಿಡುತ್ತಾನೆ. ಅವನು ಬೇರೆಲ್ಲಿಂದಲೋ ಬಂದ ರಾಕ್ಷಸನಲ್ಲ, ಅದೇ ಬಡಾವಣೆಯವನು, ಅಪ್ಪನಿಗೆ ಚಿಕ್ಕಂದಿನಿಂದ ಗೊತ್ತಿರುವವನು. ಅವನು ಕೇಳುವುದು ಎರಡರಲ್ಲಿ ಒಂದು: ದುಡ್ಡಾದರೂ ಕೊಡು, ಇಲ್ಲವೇ ನಮ್ಮೊಡನೆ ಬಂದು ಕೈಜೋಡಿಸು. ಅಪ್ಪ ಎರಡಕ್ಕೂ ಒಪ್ಪುವುದಿಲ್ಲ. ಅಪ್ಪ ವಾರಗಟ್ಟಲೆ ಇಂಗ್ಲೆಂಡಿನಲ್ಲಿರುವಾಗ ಈ ಮನೆಯಲ್ಲಿ ಯಾರ್‍ಯಾರಿರುತ್ತಾರೆ ಎಂಬುದು ಬಿಲ್ಲಿಗೆ ಚೆನ್ನಾಗಿ ಗೊತ್ತು. ಹಿರಿಯ ಮಗ ವಿಲ್‌ನನ್ನು ಬಿಲ್ಲಿಯ ಕಡೆಯವರು ಸಣ್ಣಪುಟ್ಟ ಕೆಲಸಕ್ಕೆ ಬಳಸಿಕೊಳ್ಳಲು ನೋಡುತ್ತಾರೆ. ಬೀದಿಯ ಬಾಯಿಗೆ ಕಾವಲು, ಅಡ್ಡಗಟ್ಟೆ. ಬಂದವರು ಹೆಸರು ಹೇಳಿ ಒಳಗೆ ಹೋಗಬೇಕು. ಇಂತಹ ಕಡೆ ತಟಸ್ಥನಾಗಿ ಉಳಿಯುವವನನ್ನು ಎರಡೂ ಕಡೆಯವರು ಅನುಮಾನದಿಂದ ನೋಡುತ್ತಾರೆ, ಸ್ವಂತದವರು ತುಸು ಹೆಚ್ಚಾಗಿಯೇ ನೋಡುತ್ತಾರೆ. ಎದುರಾಳಿ ಎದುರಾಳಿಯಾಗಿದ್ದರೆ ಅವರಿಗೆ ಅನುಕೂಲ, ತಮ್ಮವನೇ ಬರಲೊಲ್ಲೆ ಎಂದಾಗ ಉಳಿದವರಿಗೂ ಬರಲೊಲ್ಲೆ ಎನ್ನಬಹುದೆಂದು ತಿಳಿದುಬಿಡುತ್ತದೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಆ ಕುಟುಂಬ ಓಡಿಹೋದದ್ದು ಕ್ಯಾಥೊಲಿಕರಿಗೆ ಹೆದರಿ ಅಲ್ಲ; ಅಲ್ಲಿಯೇ ಉಳಿದರೆ ತಮ್ಮ ಮಕ್ಕಳು ಬಿಲ್ಲಿಯಂತಾಗಬಹುದು ಎಂದು ಹೆದರಿ.

ಆ ಹೆದರಿಕೆ ಅಮ್ಮನಿಗೆ ಖಚಿತವಾಗುವ ದೃಶ್ಯವನ್ನು ನೀವು ಇನ್ನೊಮ್ಮೆ ನೋಡಬೇಕು. ಅದುವರೆಗೂ ಊರು ಬಿಡಲು ಒಪ್ಪದವಳು ಅವಳೇ. ಆ ಬೀದಿಯಲ್ಲಿ ಅವಳ ಮಗನಿಗೆ ಅವಳೊಬ್ಬಳೇ ತಾಯಿಯಲ್ಲ: ಚಿತ್ರದ ಆರಂಭದಲ್ಲಿ ಅವಳು ಬಾಗಿಲಲ್ಲಿ ನಿಂತು ಒಮ್ಮೆ ಕೂಗುತ್ತಾಳೆ, ಆ ಕೂಗು ಬಾಯಿಂದ ಬಾಯಿಗೆ ದಾಟಿ ಬೀದಿಯ ಆಚೆ ತುದಿಯಲ್ಲಿ ಆಡುತ್ತಿರುವ ಹುಡುಗನನ್ನು ಮುಟ್ಟುತ್ತದೆ. ಇಂತಹ ಬೀದಿಯನ್ನು ಬಿಟ್ಟು, ತನ್ನ ಮಾತಿನ ಧಾಟಿಯೇ ಯಾರಿಗೂ ತಿಳಿಯದ ಊರಿಗೆ ಹೋಗುವುದು ಹೇಗೆ ಎಂಬುದು ಅವಳ ಸಂಕಟ. ಆಮೇಲೊಂದು ದಿನ ಗುಂಪೊಂದು ಸೂಪರ್ ಮಾರ್ಕೆಟ್ ಒಂದಕ್ಕೆ ನುಗ್ಗಿ ಲೂಟಿ ಮಾಡುತ್ತದೆ. ಮೊಯ್ರಾ ಎಂಬ ದೊಡ್ಡ ಹುಡುಗಿ ಬಡ್ಡಿಯನ್ನೂ ಎಳೆದುಕೊಂಡು ಹೋಗಿರುತ್ತಾಳೆ. ಎಲ್ಲರೂ ಕೈಗೆ ಸಿಕ್ಕಿದ್ದನ್ನು ಬಾಚಿಕೊಳ್ಳುವಾಗ ಅವನೂ ಒಂದು ಡಬ್ಬಿ ಬಟ್ಟೆ ಒಗೆಯುವ ಪುಡಿ ಎತ್ತಿಕೊಂಡು ಮನೆಗೆ ಓಡಿಬರುತ್ತಾನೆ. ಮಿಠಾಯಿ ಅಲ್ಲ, ಆಟಿಕೆ ಅಲ್ಲ, ಅಮ್ಮನಿಗೆ ಬೇಕಾಗುವ ಸೋಪಿನ ಪುಡಿ. ಅಮ್ಮ ಅವನ ರಟ್ಟೆ ಹಿಡಿದು, ಆ ಡಬ್ಬಿಯೊಂದಿಗೆ, ಅದೇ ಲೂಟಿಯ ನಡುವೆ, ಅದೇ ಅಂಗಡಿಗೆ ದರದರನೆ ಎಳೆದುಕೊಂಡು ಹೋಗಿ ಎತ್ತಿದ ಜಾಗದಲ್ಲಿಯೇ ಇಡಿಸುತ್ತಾಳೆ. ಸುತ್ತಲೂ ಅಂಗಡಿಯೇ ಬರಿದಾಗುತ್ತಿದೆ, ಇವಳಿಗೆ ಒಂದು ಡಬ್ಬಿಯನ್ನು ಹಿಂದಿರುಗಿಸಬೇಕಾಗಿದೆ. ಮಕ್ಕಳನ್ನು ಸಾಕಿದ ಯಾರಿಗೂ ಆ ಸಿಟ್ಟಿನ ಹಿಂದಿನ ದಿಗಿಲು ಅರ್ಥವಾಗುತ್ತದೆ. ಅಲ್ಲಿಗೆ ಅವಳಿಗೆ ತಿಳಿಯುತ್ತದೆ, ತಾನೆಷ್ಟೇ ಗಟ್ಟಿಯಾಗಿ ರಟ್ಟೆ ಹಿಡಿದುಕೊಂಡರೂ ಬೀದಿ ಇನ್ನು ತನ್ನ ಮಗನನ್ನು ತನಗಾಗಿ ಸಾಕಿಕೊಡುವುದಿಲ್ಲ ಎಂದು. ಅಮ್ಮನ ಪಾತ್ರದಲ್ಲಿ ಕಟ್ರೀನಾ ಬಾಲ್ಫ್ ಮಾತಿಗಿಂತ ನಡಿಗೆಯಲ್ಲಿ ಇದನ್ನು ಹೇಳಿದ್ದಾರೆ.

ಇದರ ಬೆನ್ನಿಗೇ ಬರುವ ದೃಶ್ಯದ ಬಗ್ಗೆ ನನ್ನ ಅಭಿಪ್ರಾಯ ಅಷ್ಟು ಒಳ್ಳೆಯದಿಲ್ಲ. ಅಪ್ಪ ಮತ್ತು ಬಿಲ್ಲಿ ಹಳೆಯ ಕೌಬಾಯ್ ಚಿತ್ರಗಳ ರೀತಿಯಲ್ಲಿ ಎದುರುಬದುರಾಗಿ ನಿಲ್ಲುತ್ತಾರೆ, ಹಿನ್ನೆಲೆ ಸಂಗೀತವೂ ಅದಕ್ಕೆ ತಕ್ಕಂತೆಯೇ ಇದೆ. ಟೀವಿಯಲ್ಲಿ ಅಂತಹ ಚಿತ್ರಗಳನ್ನು ಕಣ್ಣರಳಿಸಿ ನೋಡಿದ ಹುಡುಗ ತನ್ನ ಅಪ್ಪನನ್ನು ಹಾಗೆಯೇ ನೆನಪಿಟ್ಟುಕೊಂಡಿದ್ದಾನೆ ಎಂಬ ಸಮರ್ಥನೆ ಇದಕ್ಕಿದೆ, ಬಿಲ್ಲಿಯ ಮನೆತನದ ಹೆಸರನ್ನೂ ಆ ಜಗತ್ತಿನಿಂದಲೇ ತಂದದ್ದು. ಆದರೂ ಇಷ್ಟು ಹೊತ್ತು ತುಂಬ ನಿಜವಾಗಿ ಉಸಿರಾಡುತ್ತಿದ್ದ ಬೀದಿ ಆ ಎರಡು ನಿಮಿಷ ಸೆಟ್ಟಿನಂತೆ ಕಾಣುತ್ತದೆ. ಮಕ್ಕಳಿಗೆ ಮಾತ್ರ ಆ ದೃಶ್ಯ ಇಷ್ಟವಾಗುತ್ತದೆ ಎಂಬುದನ್ನು ಒಪ್ಪಬೇಕು.

“ಒಳ್ಳೆಯವರು ಯಾರು?” ಎಂಬ ನಿಮ್ಮ ಮಗಳ ಪ್ರಶ್ನೆ ಬಡ್ಡಿಯ ಪ್ರಶ್ನೆಯೂ ಹೌದು. ಚರ್ಚಿನಲ್ಲಿ ಪಾದ್ರಿ ಬೆವರು ಸುರಿಸುತ್ತ, ಮುಂದೆ ಎರಡು ದಾರಿಗಳಿವೆ, ಒಂದು ಸ್ವರ್ಗಕ್ಕೆ, ಇನ್ನೊಂದು ನರಕಕ್ಕೆ ಎಂದು ಗುಡುಗುತ್ತಾನೆ. ಹುಡುಗ ಮನೆಗೆ ಬಂದು ಆ ಕವಲುದಾರಿಯ ಚಿತ್ರ ಬರೆದುಕೊಂಡು ತಲೆ ಕೆಡಿಸಿಕೊಳ್ಳುತ್ತಾನೆ. ಮೊಯ್ರಾ ಅವನಿಗೆ, ಹೆಸರು ಕೇಳಿದರೆ ಯಾರು ಯಾವ ಪಂಗಡವೆಂದು ಗೊತ್ತಾಗುತ್ತದೆ ಎಂದು ಪಾಠ ಹೇಳುತ್ತಾಳೆ. ಉತ್ತರ ಐರ್ಲೆಂಡಿನಲ್ಲಿ ಇದು ನಿಜವಾಗಿಯೂ ಇದ್ದ ಅಭ್ಯಾಸ: ಮೈಬಣ್ಣ ಒಂದೇ, ಉಡುಪು ಒಂದೇ, ಮಾತು ಒಂದೇ ಆದ್ದರಿಂದ ಹೆಸರು, ಓದಿದ ಶಾಲೆ, ಕಡೆಗೆ ಇಂಗ್ಲಿಷಿನ ಎಂಟನೆಯ ಅಕ್ಷರವನ್ನು ‘ಏಚ್’ ಎನ್ನುತ್ತಾರೋ ‘ಹೇಚ್’ ಎನ್ನುತ್ತಾರೋ ಎಂಬುದರಿಂದಲೂ ಮನುಷ್ಯನನ್ನು ಅಳೆಯುತ್ತಿದ್ದರು. ‘ಯಾವ ಊರು, ಯಾರ ಪೈಕಿ’ ಎಂಬ ನಮ್ಮ ಕಡೆಯ ವಿಚಾರಣೆಯನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಡ್ಡಿಗೆ ತರಗತಿಯಲ್ಲಿ ಕ್ಯಾಥರೀನ್ ಎಂಬ ಹುಡುಗಿಯ ಮೇಲೆ ಮನಸ್ಸು. ಅಂಕಗಳ ಪ್ರಕಾರ ಕೂರಿಸುವ ಪದ್ಧತಿಯಿರುವುದರಿಂದ ಅವಳ ಪಕ್ಕದ ಜಾಗಕ್ಕಾಗಿ ಅಜ್ಜನ ನೆರವಿನಿಂದ ಗಣಿತ ಕಲಿಯುತ್ತಾನೆ. ಅವಳು ಕ್ಯಾಥೊಲಿಕ್. ಕೊನೆಯಲ್ಲಿ ಅವಳಿಗೂ ತನಗೂ ಮುಂದೆ ಏನಾದರೂ ಆದೀತೇ ಎಂದು ಅವನು ಕೇಳಿದಾಗ ಅಪ್ಪ ಹೇಳುವ ಮಾತಿನ ಸಾರ ಇಷ್ಟು: ಅವಳು ಹಿಂದೂವೇ ಆಗಿರಲಿ, ಬೇರೆ ಯಾವುದೇ ಆಗಿರಲಿ, ಕರುಣೆಯುಳ್ಳವಳಾಗಿದ್ದು, ನ್ಯಾಯವಾಗಿ ನಡೆದುಕೊಂಡು, ನೀವಿಬ್ಬರೂ ಪರಸ್ಪರ ಗೌರವಿಸುವುದಾದರೆ ಅವಳಿಗೂ ಅವಳ ಕಡೆಯವರಿಗೂ ನಮ್ಮ ಮನೆಯ ಬಾಗಿಲು ತೆರೆದಿದೆ. ಮಗಳಿಗೆ ಈ ಮಾತನ್ನೇ ತೋರಿಸಿ. ಜೊತೆಗೆ ಒಂದನ್ನು ಸೇರಿಸಿ: ಇದನ್ನು ಹೇಳಿದ ಅಪ್ಪ ಆ ಹೊತ್ತಿಗೆ ಗಂಟುಮೂಟೆ ಕಟ್ಟಿ ಊರು ಬಿಡುತ್ತಿದ್ದ. ಒಳ್ಳೆಯವನಾಗಿದ್ದರೆ ಗೆಲ್ಲುತ್ತಾನೆ ಎಂದು ಚಿತ್ರ ಭರವಸೆ ಕೊಡುವುದಿಲ್ಲ.

ಮೂರನೆಯ ಪ್ರಶ್ನೆ ಕಠಿಣವಾದದ್ದು. ಚಿತ್ರ ಮಧುರವಾಗಿದೆ ಎಂಬ ದೂರು ಅದು ಬಿಡುಗಡೆಯಾದಾಗಲೂ ಕೇಳಿಬಂದಿತ್ತು. ನೆನಪು ಸಿಹಿಯಾಗಿರುವುದು ಸಹಜ, ಬ್ರಾನಾ ಅದನ್ನು ನೆನಪು ಎಂದೇ ತೋರಿಸುತ್ತಾರೆ. ಇಂದಿನ ನಗರವನ್ನು ಬಣ್ಣದಲ್ಲಿ ತೋರಿಸಿ, ಚಿತ್ರ ಬರೆದ ಗೋಡೆಯೊಂದನ್ನು ಕ್ಯಾಮೆರಾ ದಾಟಿ ಆಚೆ ಇಳಿಯುವಾಗ 1969 ಕಪ್ಪು-ಬಿಳುಪಾಗಿ ತೆರೆದುಕೊಳ್ಳುತ್ತದೆ. ಆಮೇಲೆ ಹಳೆಯ ಕಾಲದಲ್ಲಿ ಬಣ್ಣ ಕಾಣುವುದು ಹುಡುಗ ನೋಡುವ ಸಿನಿಮಾ ಪರದೆಯ ಮೇಲೆ ಮತ್ತು ನಾಟಕದ ರಂಗದ ಮೇಲೆ. ನಾಟಕ ನೋಡುತ್ತ ಕುಳಿತ ಅಜ್ಜಿಯ ಮುಖ ಕಪ್ಪು-ಬಿಳುಪಿನಲ್ಲಿಯೇ ಇರುತ್ತದೆ, ಅವಳ ಕನ್ನಡಕದ ಗಾಜಿನಲ್ಲಿ ಮಾತ್ರ ರಂಗದ ಬಣ್ಣ ಹೊಳೆಯುತ್ತದೆ. ಛಾಯಾಗ್ರಾಹಕ ಹ್ಯಾರಿಸ್ ಜಂಬಾರ್ಲೂಕೋಸ್ ಅವರ ಈ ಒಂದು ಚೌಕಟ್ಟಿಗಾಗಿಯೇ ನಾನು ರಸಗ್ರಹಣ ಶಿಬಿರಗಳಲ್ಲಿ ಈ ಚಿತ್ರವನ್ನು ತೋರಿಸುತ್ತೇನೆ. ಆ ಮನೆಗೆ ನಾಟಕ, ಸಿನಿಮಾ ಎಂದರೆ ಏನಾಗಿತ್ತು ಎಂಬುದು ಆ ಎರಡು ಗಾಜುಗಳಲ್ಲಿದೆ. ಇನ್ನು ದೊಡ್ಡವರ ಜಗಳಗಳೆಲ್ಲ ನಮಗೆ ಕೇಳಿಸುವುದು ಮೆಟ್ಟಿಲ ಮೇಲಿಂದ, ಕಿಟಕಿಯ ಆಚೆಯಿಂದ, ಅರ್ಧ ತೆರೆದ ಬಾಗಿಲ ಸಂದಿನಿಂದ. ಹುಡುಗನಿಗೆ ಎಷ್ಟು ಕಿವಿಗೆ ಬಿತ್ತೋ ಅಷ್ಟೇ ನಮಗೂ.

ಅದರ ಬೆಲೆಯನ್ನೂ ಹೇಳಬೇಕು. ಆ ಬೀದಿಯಿಂದ ಹೊರದೂಡಲ್ಪಟ್ಟ ಕ್ಯಾಥೊಲಿಕ್ ಕುಟುಂಬಗಳು ಮೊದಲ ದೃಶ್ಯದಲ್ಲಿ ಒಡೆದ ಕಿಟಕಿಗಳಾಗಿ ಕಾಣುತ್ತವೆ, ಆಮೇಲೆ ಅವರ ಮನೆಯೊಳಗೆ ನಾವು ಹೋಗುವುದೇ ಇಲ್ಲ. 1969ರ ಅದೇ ಆಗಸ್ಟ್‌ನ ಒಂದು ನಡುರಾತ್ರಿ, ಬೆಲ್‌ಫಾಸ್ಟ್‌ನ ಫಾಲ್ಸ್ ಪ್ರದೇಶದ ಡಿವಿಸ್ ವಸತಿ ಸಮುಚ್ಚಯದಲ್ಲಿ, ಪೊಲೀಸರ ಮೆಷಿನ್ ಗನ್ನಿನ ಗುಂಡು ಗೋಡೆ ತೂರಿಕೊಂಡು ಬಂದು ಕ್ಯಾಥೊಲಿಕ್ ಬಾಲಕನೊಬ್ಬನನ್ನು ಅವನ ಮನೆಯೊಳಗೇ ಕೊಂದಿತು. ಅವನಿಗೂ ಒಂಬತ್ತು ವರ್ಷ. ಬಡ್ಡಿಯ ಬಾಲ್ಯ ನೆನಪಾಗಿ ಉಳಿದು ಚಿತ್ರವಾಗುವ ಕಾಲಕ್ಕೆ, ಆ ಹುಡುಗನಿಗೆ ನೆನಪಿಟ್ಟುಕೊಳ್ಳುವ ವಯಸ್ಸೇ ಬರಲಿಲ್ಲ. ಉಳಿದವರಿಗೆ, ಹೋದವರಿಗೆ, ಕಳೆದುಹೋದವರೆಲ್ಲರಿಗೆ ಎಂದು ಬ್ರಾನಾ ಕೊನೆಯಲ್ಲಿ ಚಿತ್ರವನ್ನು ಅರ್ಪಿಸುತ್ತಾರೆ. ಆದರೆ ಕಳೆದುಹೋದವರ ಪಾಲು ತೆರೆಯ ಮೇಲೆ ಬಲು ಕಡಿಮೆ. ನಾನು ಇದನ್ನು ಸುಳ್ಳೆನ್ನುವುದಿಲ್ಲ, ಅಪೂರ್ಣ ಎನ್ನುತ್ತೇನೆ. ಹುಡುಗನೊಬ್ಬ ತಾನು ಕಾಣದ್ದನ್ನು ಕಂಡೆನೆಂದು ಹೇಳುವುದಕ್ಕಿಂತ ಇದು ಮೇಲು ಎಂಬುದು ನನ್ನ ನಿಲುವು.

ಹೋಲಿಕೆಗೆ ನಮ್ಮದೇ ಒಂದು ಚಿತ್ರವನ್ನು ಇದರ ಜೊತೆಗಿಟ್ಟು ನೋಡಬಹುದು: ಮೈಸೂರಿನವರಾದ ಎಂ. ಎಸ್. ಸತ್ಯು ನಿರ್ದೇಶಿಸಿದ ಹಿಂದಿ-ಉರ್ದು ಚಿತ್ರ ‘ಗರಂ ಹವಾ’. ದೇಶ ವಿಭಜನೆಯ ನಂತರ ಆಗ್ರಾದಲ್ಲಿ ಚಪ್ಪಲಿ-ಬೂಟು ತಯಾರಿಸುವ ಮುಸ್ಲಿಂ ಕುಟುಂಬವೊಂದು ಹೋಗಬೇಕೋ ಉಳಿಯಬೇಕೋ ಎಂದು ತೊಳಲಾಡುವ ಕಥೆ ಅದು. ಅಲ್ಲಿಯೂ ಸಾಲ, ಬಾಡಿಗೆ ಮನೆ, ಕೆಲಸವಿಲ್ಲದ ಮಗ ಇವೆಲ್ಲ ಕೋಮು ದ್ವೇಷದೊಂದಿಗೆ ಹೆಣೆದುಕೊಂಡಿವೆ. ಅಲ್ಲಿಯೂ ಒಬ್ಬ ಮುದುಕಿ ಇದ್ದಾಳೆ. ಹವೇಲಿ ಬಿಡಬೇಕಾದ ದಿನ ಅವಳು ಸೌದೆಯ ಕೋಣೆಯಲ್ಲಿ ಅವಿತು ಕೂರುತ್ತಾಳೆ. ಬೆಲ್‌ಫಾಸ್ಟ್‌ನ ಅಜ್ಜಿ ಹಾಗಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ಮೇಲೆ ತಾನೊಬ್ಬಳೇ ಉಳಿದು, ಬಸ್ಸು ಹತ್ತುವವರನ್ನು ಹಿಂದಿರುಗಿ ನೋಡದೆ ಹೋಗಿ ಎಂದು ಕಳಿಸಿಕೊಡುತ್ತಾಳೆ. ಅಲ್ಪಸಂಖ್ಯಾತ ಮನೆಗೆ ಉಳಿಯುವುದೇ ಹೋರಾಟ, ಬಹುಸಂಖ್ಯಾತ ಮನೆಗೆ ಗುಂಪಿನಿಂದ ಹೊರಬೀಳುವುದೇ ಹೋರಾಟ. ಎರಡನ್ನೂ ಒಂದೇ ವಾರದಲ್ಲಿ ನೋಡಿದರೆ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮಗಳ ವಯಸ್ಸಿನ ವಿಚಾರ: ಬ್ರಿಟನ್ನಿನಲ್ಲಿ ಈ ಚಿತ್ರಕ್ಕೆ 12ಎ ಪ್ರಮಾಣಪತ್ರ ಕೊಟ್ಟಿದ್ದಾರೆ, ಅಂದರೆ ಹನ್ನೆರಡರೊಳಗಿನ ಮಕ್ಕಳು ದೊಡ್ಡವರ ಜೊತೆ ಚಿತ್ರಮಂದಿರದಲ್ಲಿ ನೋಡಬಹುದು. ನೀವು ಪಕ್ಕದಲ್ಲಿ ಕುಳಿತು ನೋಡಿದ್ದು ಸರಿಯಾಗಿಯೇ ಆಯಿತು. ಅವಳು ಮುಂದೇನಾಯಿತು ಎಂದು ಕೇಳಿದರೆ ನಿಜವನ್ನೇ ಹೇಳಿ. ಆ ಸಂಘರ್ಷ ಸುಮಾರು ಮೂವತ್ತು ವರ್ಷ ನಡೆದು ಸುಮಾರು 3,500 ಜನರನ್ನು ಬಲಿ ತೆಗೆದುಕೊಂಡಿತು. 1998ರ ಏಪ್ರಿಲ್ 10ರಂದು ಒಪ್ಪಂದವಾಯಿತು. ಎರಡೂ ಪಂಗಡದ ಮಕ್ಕಳು ಒಟ್ಟಿಗೆ ಓದಲೆಂದು ಪೋಷಕರೇ ಮುಂದಾಗಿ 1981ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಲಗಾನ್ ಕಾಲೇಜ್ ಎಂಬ ಶಾಲೆ ತೆರೆದರು, ಆಮೇಲೆ ಅಂತಹ ಶಾಲೆಗಳು ಇನ್ನಷ್ಟು ಬಂದವು. ಆದರೂ ಇಂದಿಗೂ ಅಲ್ಲಿ ಹೆಚ್ಚಿನ ಮಕ್ಕಳು ತಮ್ಮ ಪಂಗಡದವರೇ ತುಂಬಿರುವ ಶಾಲೆಗಳಿಗೇ ಹೋಗುತ್ತಾರೆ. 1969ರ ಸೆಪ್ಟೆಂಬರ್‌ನಲ್ಲಿ, ಸದ್ಯದ ಮಟ್ಟಿಗೆ ಎಂದು, ಎರಡು ಪಂಗಡಗಳ ಬೀದಿಗಳ ನಡುವೆ ಸೈನಿಕರು ತಡೆಬೇಲಿ ಹಾಕಿದರು. ಆ ಬೇಲಿ ಗೋಡೆಯಾಯಿತು, ಗೋಡೆಗಳು ಹಲವಾದವು. ಪುನಃ ಕಟ್ಟಿದ ಬಾಂಬೆ ಸ್ಟ್ರೀಟ್‌ನ ಮನೆಗಳ ಹಿತ್ತಿಲಿಗೆ ಹೊಂದಿಕೊಂಡು ಅಂತಹ ಒಂದು ಗೋಡೆ ಈಗಲೂ ನಿಂತಿದೆ, ಅದರ ಬದಿಯ ಹಿತ್ತಿಲುಗಳಿಗೆ ಮೇಲಿನಿಂದ ಬೀಳುವ ಕಲ್ಲು ತಡೆಯಲು ಜಾಲರಿ ಹಾಕಿಕೊಂಡಿದ್ದಾರೆ.